‘ಈ ವಾರ ಬರ್ತೀನಿ ಟೀಚರ್’: ಒಂದು ಆಪ್ತಸಲಹೆ ಪ್ರಕರಣ

ಸುಗುಣಾ (ಹೆಸರು ಬದಲಿಸಿದೆ) ಮೊದಲ ಸಲ ಬಂದಾಗ ಹೇಳಿದ್ದು ನಿದ್ದೆಯ ವಿಷಯ. ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾಗುತ್ತದೆ, ಆಮೇಲೆ ಕಣ್ಣು ಹತ್ತುವುದಿಲ್ಲ. ಭಾನುವಾರ ಆರಾಧನೆಯಲ್ಲಿ ಹಾಡು ಶುರುವಾದರೆ ಸಾಕು, ಅಳು ಬರುತ್ತದೆ. ಮಗಳ ಮೇಲೆ ಸುಮ್ನೆ ರೇಗುತ್ತಾರೆ. ವಯಸ್ಸು 44. ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ಯಜಮಾನರಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳು ಸೆಕೆಂಡ್ ಪಿಯುಸಿ. ಜೊತೆಗೆ ಅತ್ತೆ ಇದ್ದಾರೆ. ಅಜ್ಜಿಯ ಕಾಲದಿಂದ ಪ್ರೊಟೆಸ್ಟೆಂಟ್ ಸಭೆಯವರು, ಅಂದರೆ ಚರ್ಚಿನವರು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಸೇವೆ ಮಾಡುವ ಮನಸ್ಸಿದ್ದೂ ಸಮಯ ಸಿಗದ ಇದೇ ತೊಳಲಾಟ ಬೇರೆ ವಿಶ್ವಾಸಿಗಳಲ್ಲೂ ನೋಡಿದ್ದೇನೆ. ನಾನೂ ಅದೇ ನಂಬಿಕೆಯವಳು. ಹಾಗಾಗಿ ಇದು ನನಗೆ ಬರೀ ವೃತ್ತಿಯ ವಿಷಯವಲ್ಲ.

ನಿದ್ದೆಯ ಹಿಂದಿನ ಕಾರಣ ಬಾಯಿಗೆ ಬಂದದ್ದು ಹೊರಡುವ ಹೊತ್ತಿಗೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದವರು, ‘ಇನ್ನೊಂದಿದೆ ಮೇಡಂ’ ಎಂದು ಮತ್ತೆ ಕೂತರು.

ಅವರ ಮನೆಯಿಂದ ಎರಡು ಬೀದಿ ಆಚೆ ಒಬ್ಬ ನಿವೃತ್ತ ಟೀಚರ್ ಇದ್ದಾರೆ. 78 ವರ್ಷ. ಯಜಮಾನರು ತೀರಿಕೊಂಡಿದ್ದಾರೆ, ಮಗಳು ಬೆಂಗಳೂರಿನಲ್ಲಿ. ಸುಗುಣಾಗೆ ಸಂಡೇ ಸ್ಕೂಲಿನಲ್ಲಿ ಕಂಠಪಾಠದ ವಚನ ಕಲಿಸಿದವರು ಅವರೇ. ಭಾನುವಾರ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಕೈ ಹಿಡಿದುಕೊಂಡು ಕೇಳುತ್ತಿದ್ದರು, ‘ಯಾವಾಗಮ್ಮ ಮನೆಗೆ ಬರ್ತೀಯ?’ ಇವರ ಉತ್ತರ ಯಾವಾಗಲೂ ಒಂದೇ, ‘ಈ ವಾರ ಬರ್ತೀನಿ ಟೀಚರ್.’ ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಪ್ರತಿ ಸಲವೂ ಹೋಗಬೇಕು ಅಂತಲೇ ಇತ್ತು. ಶನಿವಾರ ಬಂದರೆ ಬಟ್ಟೆ, ರೇಷನ್, ಮಗಳ ಟ್ಯೂಷನ್. ತಿಂಗಳುಗಳು ಹೀಗೇ ಕಳೆದವು.

ಒಂದು ದಿನ ಟೀಚರ್ ಬಚ್ಚಲಲ್ಲಿ ಜಾರಿ ಬಿದ್ದರು. ಬೆಳಗ್ಗೆ ಬಿದ್ದವರ ಸುದ್ದಿ ಗೊತ್ತಾಗಿದ್ದು ಮಧ್ಯಾಹ್ನ, ಪಕ್ಕದ ಮನೆಯವರು ಕೊರಿಯರ್ ಕೊಡಲು ಹೋದಾಗ. ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಯಿತು. ಸುಗುಣಾಗೆ ತಿಳಿದದ್ದು ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ, ಸಂಜೆಯ ರೈಲು ಪಾಂಡವಪುರ ದಾಟುತ್ತಿದ್ದಾಗ. ಎಲ್ಲರ ಹಾಗೆ ಇವರೂ ‘ಪ್ರಾರ್ಥಿಸುತ್ತೇವೆ’ ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು. ಹಾಕಿದ ಮೇಲೆ ತಮ್ಮ ಮೇಲೆ ತಮಗೇ ಅಸಹ್ಯ ಬಂತಂತೆ. ಬೈಬಲ್ಲಿನ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಅವರಿಗೆ ಬಾಯಿಗೆ ಬರುತ್ತದೆ. ಬಟ್ಟೆಯಿಲ್ಲದವರಿಗೆ, ಊಟವಿಲ್ಲದವರಿಗೆ ಏನೂ ಕೊಡದೆ ‘ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ’ ಅಂದರೆ ಏನು ಬಂತು ಎಂದು ಕೇಳುವ ಭಾಗ. ಅದನ್ನು ಕಂಠಪಾಠ ಮಾಡಿಸಿದ್ದೂ ಟೀಚರೇ.

ಆಮೇಲೆ ಆದದ್ದು ಇನ್ನೊಂದು ಅತಿ. ಟೀಚರ್ ಮನೆಗೆ ಬಂದ ದಿನದಿಂದ ಮೂರು ವಾರ, ಬೆಳಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮಾಡಿ, ಡಬ್ಬಿ ತುಂಬಿ, ಅಲ್ಲಿ ಕೊಟ್ಟು ರೈಲಿಗೆ ಓಡಿದ್ದಾರೆ. ಅದರ ಜೊತೆಗೆ ಸ್ತ್ರೀಯರ ಅನ್ಯೋನ್ಯ ಕೂಟದ ಕಾರ್ಯದರ್ಶಿ, ಕ್ರಿಸ್‌ಮಸ್ ಸಮಿತಿ, ಕ್ಯಾರೋಲ್ಸ್ ತಂಡ. ಯಾರು ಏನು ಕೇಳಿದರೂ ಹೂಂ. ಒಂದು ರಾತ್ರಿ ಮಗಳು ಪುಸ್ತಕ ಮುಚ್ಚಿ ಕೇಳಿದಳಂತೆ, ‘ನಾನೂ ಬಿದ್ದು ಸೊಂಟ ಮುರ್ಕೊಂಡ್ರೆ ನನ್ನ ಹತ್ರಾನೂ ಬರ್ತೀಯಾ ಅಮ್ಮ?’ ಮಾರನೇ ದಿನದಿಂದ ಸುಗುಣಾ ಟೀಚರ್ ಮನೆಗೆ ಹೋಗುವುದನ್ನೇ ನಿಲ್ಲಿಸಿದರು. ಹೇಳಿ ನಿಲ್ಲಿಸಲಿಲ್ಲ. ಭಾನುವಾರ ಹಿಂದಿನ ಬಾಗಿಲಿನಿಂದ ಹೊರಗೆ ಬರತೊಡಗಿದರು. ನನ್ನ ಹತ್ತಿರ ಬಂದದ್ದು ಅದಾದ ಮೇಲೆ.

ಮೊದಲು ದೇಹದ ವಿಷಯ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಅಂದರು. ಒಬ್ಬ ವೈದ್ಯರನ್ನು ನೋಡಿ, ರಕ್ತಪರೀಕ್ಷೆ ಮಾಡಿಸಿ ಬನ್ನಿ ಎಂದೆ. ಹಿಮೋಗ್ಲೋಬಿನ್ 9ರ ಹತ್ತಿರ ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ದಣಿವನ್ನೆಲ್ಲ ನಂಬಿಕೆಯ ಕೊರತೆ ಎಂದುಕೊಳ್ಳುವ ಅಭ್ಯಾಸ ನಮ್ಮ ಸಭೆಗಳಲ್ಲಿದೆ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು ಎನ್ನುವ ಮೊದಲು ಊಟ, ನಿದ್ದೆ, ರಕ್ತ ನೋಡಬೇಕು. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋಗಿದ್ದರೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಎರಡನೇ ಸಲ ಬಂದಾಗ ಸುಗುಣಾ ಹೇಳಿದ್ದು, ‘ಟೈಮೇ ಇಲ್ಲ ಮೇಡಂ, ನೀವೇ ನೋಡಿ.’ ಹಾಗಾದರೆ ನೋಡೋಣ ಎಂದು ಅವರ ಮೊಬೈಲಿನ ಕ್ಯಾಲೆಂಡರ್ ತೆಗೆಸಿದೆ. ಐದನೇ ತಾರೀಕು ಗೃಹಸಾಲದ ಕಂತು. ಹತ್ತಕ್ಕೆ ಚೀಟಿ ದುಡ್ಡು. ಮಂಗಳವಾರ, ಶುಕ್ರವಾರ ಮಗಳ ಟ್ಯೂಷನ್. ಅತ್ತೆಯ ಬಿಪಿ ಮಾತ್ರೆ ಮುಗಿಯುವ ದಿನ. ರೈಲಿನ ಸೀಸನ್ ಪಾಸ್ ಮುಗಿಯುವ ದಿನ. ನಾದಿನಿಯ ಮಗುವಿನ ಹುಟ್ಟುಹಬ್ಬ. ಬೆರಳಿಂದ ಹಿಂದಕ್ಕೆ ಸರಿಸುತ್ತಾ ಆರು ತಿಂಗಳು ನೋಡಿದೆವು. ಇದರಲ್ಲಿ ಒಂದೂ ಅವರು ತಪ್ಪಿಸಿರಲಿಲ್ಲ. ಟೀಚರ್ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ನಾನು ಏನೂ ಹೇಳಲಿಲ್ಲ. ಅವರೇ ಮೊಬೈಲು ಮೇಜಿನ ಮೇಲೆ ಮಗುಚಿಟ್ಟು, ‘ಬರೆದೇ ಇಲ್ಲ ನಾನು’ ಅಂದರು.

ನಮ್ಮಲ್ಲಿ ತುಂಬ ಜನ ನಿಂತಿರುವುದು ಇಲ್ಲೇ. ಪ್ರೀತಿ ಇದೆ, ಮನಸ್ಸಿದೆ. ಆದರೆ ಸೇವೆಗೆ ಸಿಗುವುದು ಮಿಕ್ಕಿದ ಸಮಯ. ಕೆಲಸಕ್ಕೆ ಹೋಗುವ ಹೆಂಗಸಿಗೆ ಮಿಕ್ಕುವ ಸಮಯ ಅಂತ ಒಂದಿಲ್ಲ. ಆಮೇಲೆ ಏನೋ ಅನಾಹುತವಾಗುತ್ತದೆ, ಅಪರಾಧಿಭಾವ ಬಂದು ಅಟ್ಟುತ್ತದೆ, ಮೈಮರೆತು ಓಡುತ್ತೇವೆ, ಬೀಳುತ್ತೇವೆ.

ಸುಗುಣಾರ ತವರು ಮಂಡ್ಯ ಕಡೆಯ ಹಳ್ಳಿ. ತಾತನಿಗೆ ಒಂದಿಷ್ಟು ಗದ್ದೆ ಇತ್ತು. ಅದಕ್ಕೇ ಯಾಜಕಕಾಂಡ 19ನೇ ಅಧ್ಯಾಯ ತೆಗೆದು ಓದಿಸಿದೆ. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಪೂರ್ತಿ ಕೊಯ್ಯಬಾರದು, ಹಕ್ಕಲು, ಅಂದರೆ ಕೊಯ್ಯುವಾಗ ಉದುರಿದ ತೆನೆ, ಆಯಬಾರದು, ಅದು ಬಡವರಿಗೂ ಪರದೇಶಿಗಳಿಗೂ ಎಂಬ ಕಟ್ಟಳೆ. ಬೈಬಲ್ಲಿನ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಆಯ್ದದ್ದು ಇಂಥ ಹಕ್ಕಲನ್ನೇ. ‘ನಮ್ಮಜ್ಜಿ ಕೂಡ ಗದ್ದೆ ಕೊಯ್ದ ಮೇಲೆ ಯಾರು ಹಕ್ಕಲು ಆಯೋಕೆ ಬಂದ್ರೂ ಬಯ್ತಿರಲಿಲ್ಲ’ ಎಂದರು ಸುಗುಣಾ. ಸರಿ, ಆದರೆ ಇಲ್ಲಿ ಇನ್ನೊಂದು ಮಾತಿದೆ. ಕಟ್ಟಳೆಯಲ್ಲಿ ಅಂಚು ಬಿಡಬೇಕಾದದ್ದು ಕೊಯ್ಯುವಾಗಲೇ. ಎಲ್ಲ ಕೊಯ್ದು, ಒಕ್ಕಿ, ಕಣಜ ತುಂಬಿಸಿ, ಮಿಕ್ಕರೆ ಕೊಡು ಅಂತ ಇಲ್ಲ. ಕುಡುಗೋಲು ಹಿಡಿದವನು ಇಲ್ಲಿಗೆ ಸಾಕು ಎಂದು ನಿಲ್ಲಿಸಬೇಕು.

ಎಷ್ಟು ಬಿಡಬೇಕು? ಆ ಅಧ್ಯಾಯ ಅಳತೆ ಹೇಳುವುದಿಲ್ಲ. ಮುಂದೆ ಯೆಹೂದಿ ಗುರುಗಳು ಇದನ್ನು ಚರ್ಚಿಸಿ, ಮಿಷ್ನಾ ಎಂಬ ತಮ್ಮ ಕಟ್ಟಳೆಗಳ ಸಂಗ್ರಹದಲ್ಲಿ ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿಡಬಾರದು ಎಂದರು. ಕಾಗದದ ಮೇಲೆ ಲೆಕ್ಕ ಹಾಕಿದೆವು. ವಾರಕ್ಕೆ 168 ಗಂಟೆ. ಅರವತ್ತರಲ್ಲಿ ಒಂದು ಪಾಲು ಅಂದರೆ 2 ಗಂಟೆ 48 ನಿಮಿಷ. ಕ್ರೈಸ್ತರಿಗೆ ಇದು ನಿಯಮವೇನಲ್ಲ. ಆದರೆ ‘ಟೈಮೇ ಇಲ್ಲ’ ಎಂದು ನಂಬಿದ್ದವರಿಗೆ ಈ ಲೆಕ್ಕ ನೋಡಿ ಧೈರ್ಯ ಬಂತು. ದಿನಾ ಡಬ್ಬಿ ಹೊತ್ತು ಓಡಿದ ಮೂರು ವಾರದಲ್ಲಿ ಅವರು ಕೊಟ್ಟದ್ದು ಇದರ ಎಷ್ಟೋ ಪಟ್ಟು. ಅದು ಉಳಿಯಲಿಲ್ಲ. ನಾವು ಇನ್ನೂ ಸಣ್ಣದರಿಂದ ಶುರು ಮಾಡಿದೆವು. ಗುರುವಾರ ಸಂಜೆ ಒಂದು ಗಂಟೆ. ಅವತ್ತು ಟ್ಯೂಷನ್ ಇಲ್ಲ. ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲೇ ಟೀಚರ್ ಮನೆ. ಕ್ಯಾಲೆಂಡರಿನಲ್ಲಿ ‘ಸೇವೆ’ ಎಂದು ಬರೆಯಲು ಹೊರಟರು. ಬೇಡ, ಟೀಚರ್ ಹೆಸರು ಬರೆಯಿರಿ ಎಂದೆ. ಸೇವೆಯನ್ನು ಮುಂದಕ್ಕೆ ಹಾಕುವುದು ಸುಲಭ. ಕಾಯುತ್ತಿರುವ ಒಬ್ಬ ಮನುಷ್ಯರನ್ನು ಮುಂದಕ್ಕೆ ಹಾಕುವಾಗ ಕೈ ತಡೆಯುತ್ತದೆ.

ಮೊದಲ ಗುರುವಾರಕ್ಕೆ ಒಂದೇ ಕೆಲಸ ಕೊಟ್ಟೆ. ಬರಿಗೈಯಲ್ಲಿ ಹೋಗಿ. ಬರ್ತೀನಿ ಅಂತ ಹೇಳಿ ಬರದೇ ಇದ್ದದ್ದಕ್ಕೆ, ಹೇಳದೇ ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಿ. ಕಾರಣ ಹೇಳಬೇಡಿ. ಆಮೇಲೆ ‘ನಿಮಗೆ ಏನು ಬೇಕು ಟೀಚರ್?’ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಅಪರಾಧಿಭಾವ ನಿದ್ದೆ ಕೆಡಿಸಿದಾಗ ಯಾರಿಗೆ ಏನು ತಪ್ಪಿದೆವು ಎಂದು ಸರಿಯಾಗಿ ಗುರುತಿಸಿ, ಅವರ ಎದುರೇ ಹೇಳಿ ಮುಗಿಸಬೇಕು. ಅದನ್ನು ಹೊತ್ತುಕೊಂಡು ನಾಲ್ಕು ಸಮಿತಿ ಸೇರಿದರೆ ಅದು ಇಳಿಯುವುದಿಲ್ಲ.

ಟೀಚರ್ ಹೇಳಿದ್ದನ್ನು ಸುಗುಣಾ ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ವರದಿ ಮಾಡಿದರು. ‘ನೀನು ಡಬ್ಬಿ ಇಟ್ಟು ಓಡಿಹೋಗ್ತಿದ್ದೆ ಕಣಮ್ಮ. ಕೂತ್ಕೋ ಅಂದ್ರೂ ಕೂರ್ತಿರಲಿಲ್ಲ.’ ಟೀಚರಿಗೆ ಸಕ್ಕರೆ ಕಾಯಿಲೆ, ಅನ್ನ ತಿನ್ನುವುದೇ ಕಮ್ಮಿ. ಆ ಡಬ್ಬಿಯ ಊಟ ಜಾಸ್ತಿ ಮಾಡಿದ್ದು ಹೋಮ್ ನರ್ಸ್ ಹುಡುಗಿ. ಟೀಚರಿಗೆ ಬೇಕಾಗಿದ್ದು ಎರಡು. ಕಣ್ಣಿಗೆ ಪೊರೆ ಬಂದು ಬೈಬಲ್ಲಿನ ಅಕ್ಷರ ಕಾಣುತ್ತಿಲ್ಲ, ಯಾರಾದರೂ ಕೂತು ಓದಬೇಕು. ಎರಡನೆಯದು, ಪಿಂಚಣಿ ನಿಂತುಹೋಗಿದೆ. ಅವರು ಬಿದ್ದದ್ದು ನವೆಂಬರಿನಲ್ಲಿ. ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಕೊಡಬೇಕಾದ ಜೀವಂತ ಪ್ರಮಾಣಪತ್ರ ಆ ವರ್ಷ ಕೊಡಲಾಗಿರಲಿಲ್ಲ. ಬೆಂಗಳೂರಿನ ಮಗಳಿಗೆ ಅದು ಹೊಳೆದೇ ಇರಲಿಲ್ಲ. ಟೀಚರ್ ಸಂಕೋಚದಿಂದ ಯಾರಿಗೂ ಹೇಳಿರಲಿಲ್ಲ.

ಸುಗುಣಾ ಇಡೀ ದಿನ ಮಾಡುವುದೇ ಕಾಗದಪತ್ರದ ಕೆಲಸ! ಎಪ್ಪತ್ತು ದಾಟಿದವರ ಮನೆಗೇ ಬ್ಯಾಂಕಿನವರು ಬರುವ ವ್ಯವಸ್ಥೆ ಇದೆ ಎಂದು ಅವರಿಗೆ ಗೊತ್ತು. ಯಾರಿಗೆ ಫೋನ್ ಮಾಡಬೇಕು, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಯಾವ ಪುಟದಲ್ಲಿರುತ್ತದೆ ಎಲ್ಲ ಗೊತ್ತು. ಮುಂದಿನ ಎರಡು ಗುರುವಾರದಲ್ಲಿ ಕೆಲಸ ಮುಗಿಯಿತು. ನಿಂತಿದ್ದ ಪಿಂಚಣಿ ಬಾಕಿ ಸಮೇತ ಬಂತು. ಪೇತ್ರನ ಮೊದಲ ಪತ್ರಿಕೆ 4:10ರಲ್ಲಿ ಒಬ್ಬೊಬ್ಬರೂ ತಾವು ಪಡೆದ ವರದಿಂದಲೇ ಒಬ್ಬರಿಗೊಬ್ಬರು ಸೇವೆ ಮಾಡಲಿ ಎಂದಿದೆ. ಅಡುಗೆ ಮಾಡುವುದೇ ಹೆಂಗಸಿನ ಸೇವೆ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ವಯಸ್ಸಾದವರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾಗೆ, ವಿಧವಾ ವೇತನಕ್ಕೆ ಅರ್ಜಿ ಹಾಕಲು ಗೊತ್ತಿಲ್ಲದೆ ಕೂತ ವಯಸ್ಸಾದವರು ಪ್ರತಿ ಸಭೆಯಲ್ಲೂ ಇದ್ದಾರೆ, ಸಭೆಯ ಹೊರಗೂ ಇದ್ದಾರೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಜೋಡಿಸಿ ನಾಡಕಚೇರಿಗೆ ಜೊತೆಗೆ ಹೋಗುವವರು ಒಬ್ಬರು ಸಿಕ್ಕರೆ ಅವರಿಗೆ ಅದು ಎಷ್ಟೋ ದೊಡ್ಡ ಉಪಕಾರ.

ಮನೆಯ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಮೂರನೇ ಸಲ ಯಜಮಾನರನ್ನೂ ಕರೆಸಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಮುಖ ಗಂಟು ಹಾಕಿಕೊಂಡೇ ಬಂದಿದ್ದರು. ‘ತನ್ನ ಮನೆಯವರನ್ನ ನೋಡ್ಕೊಳ್ದವನು ಅವಿಶ್ವಾಸಿಗಿಂತ ಕಡೆ ಅಂತ ತಿಮೊಥೆಯಲ್ಲೇ ಇದೆಯಲ್ಲ ಮೇಡಂ’ ಎಂದರು. ಇದೆ. ಮೊದಲ ತಿಮೊಥೆ 5:8. ಆ ಮೂರು ವಾರದ ಮಟ್ಟಿಗೆ ಅವರ ದೂರು ನ್ಯಾಯವೇ ಆಗಿತ್ತು, ಸುಗುಣಾ ಕೂಡ ಒಪ್ಪಿದರು. ಆದರೆ ನಾನು ಇನ್ನೊಂದು ಕೇಳಿದೆ. ಗುರುವಾರ ಒಂದು ಗಂಟೆ ಸುಗುಣಾ ತಡವಾಗಿ ಬಂದರೆ ಮನೆಯಲ್ಲಿ ನಿಲ್ಲುವ ಕೆಲಸ ಯಾವುದು? ರಾತ್ರಿ ಅಡುಗೆ. ಅದನ್ನು ಇನ್ನು ಯಾರು ಮಾಡಬಹುದು? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು, ‘ಉಪ್ಪಿಟ್ಟು ಬರುತ್ತೆ ನನಗೆ’ ಅಂದರು.

ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಕನ್ವೆನ್ಷನ್ ಆಗಲಿ, ಸುಗ್ಗಿ ಹಬ್ಬವಾಗಲಿ, ಸಭೆಯ ಪಾತ್ರೆ ತೊಳೆಯುವುದು ಹೆಂಗಸರು, ಮೈಕ್ ಹಿಡಿಯುವುದು ಗಂಡಸರು. ಯೋಹಾನ 13ರಲ್ಲಿ ಸೊಂಟಕ್ಕೆ ಟವೆಲು ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ, ಶಿಷ್ಯರ ಕಾಲು ತೊಳೆದವರು ಯೇಸು. ಊಟದ ಮಧ್ಯೆ ಎದ್ದು ಮಾಡಿದರು. ‘ನೀವೂ ಒಬ್ಬರ ಕಾಲು ಒಬ್ಬರು ತೊಳೆಯಿರಿ’ ಎಂಬ ಮಾತು ಕೇಳಿಸಿಕೊಂಡ ಆ ಹನ್ನೆರಡೂ ಜನ ಗಂಡಸರು. ಹೆಂಡತಿ ಸೇವೆಗೆ ಹೋಗಲಿ ಎಂದು ಗಂಡ ಒಲೆ ಹಚ್ಚಿದರೆ ಅದೂ ಆ ಟವೆಲಿನ ಕೆಲಸವೇ. ಮಗಳಿಗೂ ಒಂದು ಮಾತು ಕೊಡಿಸಿದೆ. ಬುಧವಾರ ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆ ಅವಳದು, ಮೊಬೈಲು ಇಲ್ಲದೆ. ಮನೆಗೂ ದಿನ, ಹೊತ್ತು ಗೊತ್ತು ಮಾಡಬೇಕು. ಒಂದೇ ಸೂರಿನಡಿ ಇದ್ದೀವಲ್ಲ, ಆಗುತ್ತೆ ಬಿಡು ಎಂದರೆ ಅದೂ ಮಿಕ್ಕಿದ ಸಮಯಕ್ಕೇ ಬೀಳುತ್ತದೆ.

ಇನ್ನು ಸಮಿತಿಗಳು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ದಿನದ ಊಟ ಹಂಚುವಾಗ ಕೆಲವು ವಿಧವೆಯರು ತಪ್ಪಿಹೋಗುತ್ತಿದ್ದಾರೆ ಎಂದು ದೂರು ಬಂತು. ಅಪೊಸ್ತಲರು ಅದನ್ನೂ ತಾವೇ ಮೈಮೇಲೆ ಹಾಕಿಕೊಳ್ಳಲಿಲ್ಲ, ದೂರನ್ನು ತಳ್ಳಿಹಾಕಲೂ ಇಲ್ಲ. ಏಳು ಜನರನ್ನು ಆರಿಸಲು ಸಭೆಗೆ ಹೇಳಿ, ಅವರನ್ನು ಆ ಕೆಲಸಕ್ಕೇ ನೇಮಿಸಿದರು. ಸುಗುಣಾ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಾನು ಹೇಳಲಿಲ್ಲ. ಅವರೇ ಅನ್ಯೋನ್ಯ ಕೂಟ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟರು. ಇಲ್ಲ ಅನ್ನುವುದು ಅವರಿಗೆ ಅಭ್ಯಾಸವೇ ಇಲ್ಲ. ನಮ್ಮ ಕಡೆ ‘ನೋಡ್ತೀನಿ’ ಎಂದು ಜಾರಿಕೊಳ್ಳುತ್ತೇವೆ, ಕೇಳಿದವರು ಹೂಂ ಎಂದೇ ತಿಳಿದು ಕಾಯುತ್ತಾರೆ. ಅದಕ್ಕೆ ನನ್ನ ಕೋಣೆಯಲ್ಲೇ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಸಿದೆ: ‘ಈ ವರ್ಷ ನನ್ನಿಂದ ಆಗಲ್ಲ ಅಕ್ಕ. ಗುರುವಾರ ಒಂದು ಕೆಲಸ ಒಪ್ಕೊಂಡಿದ್ದೀನಿ, ಅದನ್ನ ಬಿಡೋಕಾಗಲ್ಲ.’ ಅಷ್ಟೇ. ವಿವರಣೆ ಬೇಡ. ಟೀಚರ್ ಜೊತೆ ತೆಗೆದ ಫೋಟೋ ಗ್ರೂಪಿಗೆ ಹಾಕುವುದೂ ಬೇಡ ಎಂದೆ. ಹಾಸಿಗೆ ಹಿಡಿದ ಹೆಂಗಸಿಗೆ ಅದು ಎಷ್ಟು ಮುಜುಗರ ಎಂದು ನಾವು ಯೋಚಿಸುವುದೇ ಇಲ್ಲ.

ಸುಗುಣಾ ಒಂದು ಪ್ರಶ್ನೆ ಪದೇ ಪದೇ ಕೇಳಿದರು. ಗುರುವಾರ ಮಾತ್ರ ಅಂದರೆ ಸೋಮವಾರ ಟೀಚರಿಗೆ ಏನಾದರೂ ಆದರೆ? ಇಷ್ಟಕ್ಕೇ ನಿಲ್ಲಿಸುವುದು ಪ್ರೀತಿಯೇ? ಲೂಕ 10ರ ಸಮಾರ್ಯದವನ ಕಥೆಯನ್ನು ನಿಧಾನವಾಗಿ ಓದಿದೆವು. ಅವನು ಪ್ರಯಾಣದಲ್ಲಿದ್ದವನು, ಅವನಿಗೂ ಕೆಲಸವಿತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಒಬ್ಬನನ್ನು ಕಂಡು ನಿಂತ, ಗಾಯ ಕಟ್ಟಿದ, ತನ್ನ ಪಶುವಿನ ಮೇಲೆ ಹತ್ತಿಸಿ ಛತ್ರಕ್ಕೆ ಕರೆದುಕೊಂಡು ಹೋದ, ಆ ರಾತ್ರಿ ನೋಡಿಕೊಂಡ. ಮಾರನೇ ದಿನ ಛತ್ರದವನಿಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ ಕೊಟ್ಟು, ನೀನು ನೋಡಿಕೋ, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದು ಹೇಳಿ ಹೊರಟ. ಇನ್ನೊಬ್ಬರಿಗೆ ಒಪ್ಪಿಸಿ, ತಿರುಗಿ ಬರುವ ಮಾತು ಕೊಟ್ಟು ಹೋದ. ಅವನನ್ನೇ ಯೇಸು ಮಾದರಿಯಾಗಿ ತೋರಿಸಿದರು. ಮಾರ್ಕ 1ರಲ್ಲೂ ಬೆಳಗಿನ ಜಾವ ಯೇಸು ಒಬ್ಬರೇ ಪ್ರಾರ್ಥಿಸುತ್ತಿದ್ದಾಗ ಶಿಷ್ಯರು ಬಂದು ‘ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ’ ಎನ್ನುತ್ತಾರೆ. ಯೇಸು ಅಲ್ಲೇ ನಿಲ್ಲದೆ, ಪಕ್ಕದ ಊರಿಗೆ ಹೋಗೋಣ ಎಂದು ಎದ್ದರು.

ಮೈಸೂರಿನವರಿಗೆ ಮಿಷನ್ ಆಸ್ಪತ್ರೆ ಗೊತ್ತು. 1906ರಲ್ಲಿ ಮೆಥಡಿಸ್ಟ್ ಮಿಷನ್ನಿನವರು ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಇಂಥ ಆಸ್ಪತ್ರೆ ನೂರು ವರ್ಷ ದಾಟಿ ನಡೆಯುವುದು ಡ್ಯೂಟಿ ಪಟ್ಟಿಯ ಮೇಲೆ. ರಾತ್ರಿ ಪಾಳಿಯ ನರ್ಸು ಬೆಳಗ್ಗೆ ಇನ್ನೊಬ್ಬರಿಗೆ ಒಪ್ಪಿಸಿ ಮನೆಗೆ ಹೋಗಿ ಮಲಗುತ್ತಾಳೆ. ಅವಳಿಗೆ ಪ್ರೀತಿ ಕಮ್ಮಿ ಎಂದು ಯಾರೂ ಅನ್ನುವುದಿಲ್ಲ. ಟೀಚರಿಗೂ ಅಂಥ ಪಟ್ಟಿ ಬೇಕು ಎಂದೆ. ಸುಗುಣಾ ಪಾಸ್ಟರ್ ಹತ್ತಿರ ಮಾತಾಡಿದರು. ಈಗ ಸೋಮವಾರ ಯುವಜನ ಸಂಘದ ಒಬ್ಬ ಹುಡುಗ, ಶನಿವಾರ ಬೆಳಗ್ಗೆ ಇನ್ನೊಬ್ಬ ಅಕ್ಕ ಹೋಗುತ್ತಾರೆ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದಾರೆ.

ನಾಲ್ಕು ತಿಂಗಳ ನಂತರ ಅವರನ್ನು ಮತ್ತೆ ನೋಡಿದೆ. ಗುರುವಾರ ತಪ್ಪಿದ್ದೂ ಇದೆ. ಮಗಳ ಪರೀಕ್ಷೆ, ಕಚೇರಿಯಲ್ಲಿ ಆಡಿಟ್. ಆದರೆ ತಪ್ಪುವ ದಿನ ಮಧ್ಯಾಹ್ನವೇ ಫೋನ್ ಮಾಡಿ ಹೇಳುತ್ತಾರೆ, ಯಾವತ್ತು ಬರುತ್ತೇನೆ ಎಂದೂ ಹೇಳುತ್ತಾರೆ. ನಿದ್ದೆ ಪರವಾಗಿಲ್ಲ. ಹಿಮೋಗ್ಲೋಬಿನ್ ಏರಿದೆ. ಟೀಚರ್ ವಾಕರ್ ಹಿಡಿದು ಹಜಾರದವರೆಗೆ ಬರುತ್ತಾರೆ, ಕೀರ್ತನೆ ಓದುವಾಗ ಉಚ್ಚಾರಣೆ ತಿದ್ದುತ್ತಾರಂತೆ. ಅತ್ತೆಯ ಗೊಣಗಾಟ ನಿಂತಿಲ್ಲ. ಗುರುವಾರದ ಉಪ್ಪಿಟ್ಟು ಅವರಿಗೆ ಸೇರುವುದಿಲ್ಲ. ಅದರ ಬಗ್ಗೆ ಇನ್ನೂ ಕೂತು ಮಾತಾಡಬೇಕು.

ಆ ದಿನ ಯಜಮಾನರೂ ಬಂದಿದ್ದರು, ಈ ಸಲ ತಾವಾಗಿಯೇ. ತಾನೂ ಏನಾದರೂ ಮಾಡಬೇಕು, ಆದರೆ ಶಿಫ್ಟ್ ವಾರವಾರ ಬದಲಾಗುತ್ತದೆ, ಗುರುವಾರ ಅಂತ ಒಂದು ದಿನ ಹಿಡಿಯಲು ಆಗುವುದಿಲ್ಲ ಎಂದರು. ಶಿಫ್ಟಿನವರಿಗೆ ವಾರದ ದಿನ ಹೊಂದುವುದಿಲ್ಲ ನಿಜ. ಶಿಫ್ಟ್ ಪಟ್ಟಿ ಯಾವಾಗ ಹಾಕುತ್ತಾರೆ ಎಂದು ಕೇಳಿದೆ. ತಿಂಗಳ ಕೊನೆಗೆ. ಹಾಗಾದರೆ ಪಟ್ಟಿ ನೋಡಿದ ದಿನವೇ, ಓವರ್‌ಟೈಮ್ ಒಪ್ಪಿಕೊಳ್ಳುವ ಮೊದಲು, ಮುಂದಿನ ತಿಂಗಳ ಎರಡು ಹೊತ್ತು ಗುರುತು ಹಾಕಿ, ಪಾಸ್ಟರಿಗೆ ಆ ತಾರೀಕು ಹೇಳಿಬಿಡಿ ಎಂದೆ. ಅವರಿಗೆ ವೈರಿಂಗ್ ಕೆಲಸ ಬರುತ್ತದೆ. ಟೀಚರ್ ಮನೆಯ ಬಚ್ಚಲಿನ ದೀಪ ಮಿಣುಕುತ್ತಿದೆ, ಸ್ವಿಚ್ಚು ಹಾಸಿಗೆಯಿಂದ ದೂರ ಇದೆ ಎಂದು ಸುಗುಣಾ ಹೇಳಿದರು. ಮೊದಲ ತಾರೀಕಿಗೆ ಅದನ್ನೇ ಬರೆದುಕೊಂಡು ಹೋದರು.